ದ್ಯಾನ್ ಆದಮ್ಯಾಲೆ ಐ

ನಮ್ಮ ಇಂಗ್ಲಿಷ್ ಮಾಸ್ತರರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದವಳು ಸುವರ್ಣಾ. ನಾರಾಯಣಪೇಟೆಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ನನ್ನ ಪಕ್ಕ ಕೂತು ಓದಿದವಳು. ಅಳುತ್ತಿದ್ದಳು. ನಾನು ಗದ್ವಾಲದಲ್ಲಿ, ಈಗ ಇಂಗ್ಲಿಷ್ ಕಲಿಸುವ ಸರಕಾರಿ ಶಾಲೆಯ ಸ್ಟಾಫ್ ರೂಮಿನಲ್ಲಿ, ಊಟದ ಡಬ್ಬಿ ಬಿಚ್ಚುತ್ತಿದ್ದೆ. “ಹೌದಾ” ಎಂದೆ. ಅವಳು ಇನ್ನೇನೋ ಕೇಳಲು ಕಾಯುತ್ತಿದ್ದಳು. ಫೋನಿಟ್ಟು ಊಟ ಮಾಡಿದೆ. ಅವತ್ತಿನ ಬದನೆಕಾಯಿ ಪಲ್ಯ ಚೆನ್ನಾಗಿತ್ತು ಎಂಬುದೂ ನೆನಪಿದೆ.

ಮರುದಿನ ಮತ್ತೆ ಅವಳದೇ ಫೋನು.

“ಬರೋ ಐತವಾರ ಸಾಲಿಯಾಗ ಸಭಾ ಇಟ್ಟೇವಿ. ನೀ ಮಾತಾಡಬೇಕು. ನಮ್ಮ ಬ್ಯಾಚಿನ್ಯಾಗ ಇಂಗ್ಲಿಷ್ ಟೀಚರ್ ಆದಾಕಿ ನೀ ಒಬ್ಬಾಕಿ. ಸರ್ ಕೈಯಾಗ ತಯಾರಾದಾಕಿ ನೀನು.”

“ನೋಡೂಣು” ಎಂದೆ.

“ನೋಡೂಣು ಏನು? ಗದ್ವಾಲದ ಸೀಟು ನಿನಗ ಕೊಡಿಸಿದವರು ಯಾರು? ಅಷ್ಟು ಬೇಗ ಮರತೇನು?”

ಮರೆತಿರಲಿಲ್ಲ. ಮರೆಯದೇ ಇದ್ದದ್ದೇ ತೊಂದರೆ.

ಈಗ ಅವರ ಬಗ್ಗೆ ಬರೆಯಲು ಕೂತಾಗ ‘ಅವನು’ ಎಂದೇ ಬರೆಯಬೇಕೆಂದು ಕೈ ಓಡುತ್ತದೆ. ಎರಡು ಸಾಲು ಹಾಗೆ ಬರೆದು ಹೊಡೆದುಹಾಕಿದೆ. ‘ಅವರು’ ಎಂದೇ ಇರಲಿ. ಗೌರವಕ್ಕಲ್ಲ. ನನ್ನ ಅಕ್ಕ ಶಿವಲೀಲಾ ಇವತ್ತಿಗೂ ಅವರನ್ನು ಹಾಗೆಯೇ ಕರೆಯುತ್ತಾಳೆ, ಅವಳ ಮುಂದೆ ಬೇರೆ ಥರ ಬರೆಯಲು ನನಗೆ ಧೈರ್ಯ ಸಾಲದು.

ಎತ್ತರದ, ಸಣಕಲು ಮನುಷ್ಯ. ನಮ್ಮ ಪಾಲಮೂರು ಸೀಮೆಯ ಬಿಸಿಲಿನಲ್ಲೂ ತುಂಬುತೋಳಿನ ಬಿಳಿ ಅಂಗಿ, ಕೊರಳಿನವರೆಗೆ ಗುಂಡಿ. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಚಾಕ್‌ಪೀಸನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಅದಕ್ಕೊಂದು ಕಾಗದ ಸುತ್ತಿ, ಎರಡು ಬೆರಳಿನ ತುದಿಯಲ್ಲಿ ಹಿಡಿದು ಬರೆಯುತ್ತಿದ್ದರು. ನಮ್ಮನ್ನು ನೋಡುತ್ತಿದ್ದದ್ದೂ ಹಾಗೆಯೇ, ಮುಟ್ಟಿದರೆ ಕೈಗೆ ಏನಾದರೂ ಹತ್ತೀತು ಎನ್ನುವಂತೆ. ನಾವು ನೇಯುವವರ ಮಕ್ಕಳು, ಸಣ್ಣ ರೈತರ ಮಕ್ಕಳು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು. ಇಂಗ್ಲಿಷ್ ಎಂಬುದು ನಮಗೆ ಅವರ ಬಾಯಿಂದ ಬಿಟ್ಟರೆ ಇನ್ನೆಲ್ಲಿಯೂ ಕೇಳಿಸುತ್ತಿರಲಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಊರಿನಲ್ಲಿ ಅವರಿಗೆ ಬಲು ಮರ್ಯಾದೆ. ಬ್ಯಾಂಕಿಗೆ, ಕರೆಂಟ್ ಆಫೀಸಿಗೆ ಇಂಗ್ಲಿಷಿನಲ್ಲಿ ದರಖಾಸ್ತು ಬರೆಸಬೇಕೆಂದರೆ ಜನ ಅವರ ಹತ್ತಿರವೇ ಹೋಗುತ್ತಿದ್ದರು. ಏನೂ ತೆಗೆದುಕೊಳ್ಳದೆ ಬರೆದುಕೊಡುತ್ತಿದ್ದರು, ನಿಜ. ಆದರೆ ಬರೆದು ಮುಗಿಯುವವರೆಗೆ ಬಂದವನು ನಿಂತಿರಬೇಕು. ನನ್ನ ಅಪ್ಪ ಒಮ್ಮೆ ಮುಕ್ಕಾಲು ಗಂಟೆ ನಿಂತದ್ದನ್ನು ನಾನು ನೋಡಿದ್ದೇನೆ. ಪಕ್ಕದಲ್ಲೇ ಖಾಲಿ ಕುರ್ಚಿ ಇತ್ತು.

ಮದುವೆ ಕಾರ್ಡು ಕೊಟ್ಟರೆ ಕೂತಲ್ಲೇ ಓದುತ್ತಿದ್ದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ಇಂಗ್ಲಿಷ್ ಭಾಗದ ತಪ್ಪುಗಳನ್ನು ತಿದ್ದಿ ಕಾರ್ಡನ್ನು ಮರಳಿ ಕೊಡುತ್ತಿದ್ದರು. ಸುವರ್ಣಾಳ ಅಕ್ಕನ ಮದುವೆಯಲ್ಲಿ ಹಾಗೇ ಆಯಿತು. ಕಾರ್ಡು ಅಷ್ಟೊತ್ತಿಗೆ ಊರೆಲ್ಲ ಹಂಚಿ ಆಗಿತ್ತು. ಅವಳ ಅಪ್ಪ ಆ ಕೆಂಪಾದ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು, “ಇನ್ನೇನು ಮಾಡಾಕ ಬರತೈತ್ರಿ ಸರ್” ಎಂದರು. ಮಾಸ್ತರರು, “ಮಾಡಾಕ ಏನೂ ಬರಂಗಿಲ್ಲ. ತಿಳಕೊಂಡಿರ್ರಿ ಅಂತ ಕೊಟ್ಟೆ” ಎಂದರು. ಇದನ್ನು ಸುವರ್ಣಾ ಈಗ ನಗುತ್ತ ಹೇಳುತ್ತಾಳೆ. ಆಗ ಅವಳ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಹೋಲಿಕೆಯ ಪಾಠ. ಒಬ್ಬರು ಇನ್ನೊಬ್ಬರಿಗಿಂತ ಹೇಗೆ ಎಂದು ಹೇಳುವ ವಾಕ್ಯಗಳು. ‘ದ್ಯಾನ್’ ಎಂಬ ಪದ ಬಂದ ಮೇಲೆ ಯಾವ ಸರ್ವನಾಮ ಹಾಕಬೇಕು, ‘ಐ’ಯೋ ‘ಮಿ’ಯೋ, ‘ಹಿ’ಯೋ ‘ಹಿಮ್’ಓ ಎಂಬುದರ ಮೇಲೆ ಅವರು ತಿಂಗಳುಗಟ್ಟಲೆ ನಮ್ಮನ್ನು ಅರೆದರು.

“ಶಿ ಈಸ್ ಟಾಲರ್ ದ್ಯಾನ್ ಐ. ಆಕಿ ನನಗಿಂತ ಎತ್ತರ ಅದಾಳ. ದ್ಯಾನ್ ಮಿ ಅಲ್ಲ. ಯಾಕ? ದ್ಯಾನ್ ಐ ಆ್ಯಮ್ ಅಂತ ಪೂರ್ತಿ ವಾಕ್ಯ. ಆ ‘ಆ್ಯಮ್’ ಅನ್ನೂದನ್ನ ನುಂಗಿರತೈತಿ. ನುಂಗಿದ ಮಾತು ಯಾವುದು ಅಂತ ನೋಡ್ರಿ, ಸರ್ವನಾಮ ತಾನ ಸರಿ ಬರತೈತಿ.”

ಇದನ್ನು ಚೆನ್ನಾಗಿಯೇ ಹೇಳುತ್ತಿದ್ದರು. ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ, ಆದರೆ ಸುಳ್ಳು ಬರೆಯಲಾರೆ. ಅದೇ ಪಾಠವನ್ನು ನಾನಿವತ್ತು ನನ್ನ ಮಕ್ಕಳಿಗೆ ಹೇಳುವಾಗ ಅವರ ಮಾತೇ ಬಾಯಿಗೆ ಬರುತ್ತದೆ. ಆದರೆ ಈ ವಿವರಣೆ ವರ್ಷಕ್ಕೊಂದು ಸಲ. ಉಳಿದ ದಿನಗಳಲ್ಲಿ ಒಂದೇ ಮಂತ್ರ: “ದ್ಯಾನ್ ಆದಮ್ಯಾಲೆ ಐ. ಮಿ ಅಂದಾಕಿ ಹೊರಗ.”

ವಾಕ್ಯ ಕಲಿಸಲು ಅವರು ಇಬ್ಬಿಬ್ಬರನ್ನು ಕರೆದು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸುತ್ತಿದ್ದರು. ಒಬ್ಬಳು ಇನ್ನೊಬ್ಬಳನ್ನು ನೋಡಿ ಹೋಲಿಸಿ ಹೇಳಬೇಕು. ಎತ್ತರದಿಂದ ಶುರುವಾಗಿ ಬಣ್ಣಕ್ಕೆ ಬರುತ್ತಿತ್ತು, ಬಣ್ಣದಿಂದ ಬುದ್ಧಿಗೆ. ಸುವರ್ಣಾ ಬೆಳ್ಳಗೆ, ನಾನು ಕಪ್ಪು. ‘ಶಿ ಈಸ್ ಫೇರರ್ ದ್ಯಾನ್ ಐ’ ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ತರಗತಿಯಲ್ಲಿ ನಮ್ಮೂರಿಗೆ ಹತ್ತಿರದ ಮದ್ದೂರಿನ ಕಡೆಯಿಂದ ಬಂದ ಒಬ್ಬ ಹುಡುಗಿ ಇದ್ದಳು, ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಒಂದು ಕಾಲು ಸಣ್ಣ. ಅವಳನ್ನು ಬಾಗಿಲಿನಿಂದ ಬೋರ್ಡಿನವರೆಗೆ ನನ್ನ ಅಕ್ಕನ ಜೊತೆ ನಡೆಸಿ, ಆಮೇಲೆ ವಾಕ್ಯ ಹೇಳಿಸಿದರು. “ಶಿ ವಾಕ್ಸ್ ಫಾಸ್ಟರ್ ದ್ಯಾನ್ ಐ.” ಆಕೆ ನನಗಿಂತ ಬೇಗ ನಡೆಯುತ್ತಾಳೆ. ಸರ್ವನಾಮ ಸರಿ ಇತ್ತು. “ಗುಡ್” ಎಂದರು. ಆ ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಅಕ್ಕ ಅವಳ ಮನೆಗೆ ಹೋಗಿ ಕರೆದುಕೊಂಡು ಬಂದಳು.

ಅಕ್ಕ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಟೈಫಾಯ್ಡ್ ಬಂದು ಒಂದು ವರ್ಷ ಹಿಂದುಳಿದದ್ದರಿಂದ ಇಬ್ಬರೂ ಒಂದೇ ತರಗತಿ. ಇಬ್ಬರಿಗೂ ಓದು ಒಲಿದಿತ್ತು. ಆದರೆ ನಾನು ಬಾಯಿಪಾಠದವಳು. ಹೇಳಿದ್ದನ್ನು ಹೇಳಿದ ಹಾಗೆ ಒಪ್ಪಿಸುತ್ತಿದ್ದೆ. ಅಕ್ಕ ಹಾಗಲ್ಲ. ಒಂದು ವಾಕ್ಯ ಸಿಕ್ಕರೆ ಅದನ್ನು ಸೀರೆಯ ಸೆರಗಿನ ಹಾಗೆ ತಿರುಗಿಸಿ ಹಿಂದಿನ ಎಳೆ ನೋಡುತ್ತಿದ್ದಳು. ಮಾಸ್ತರರಿಗೆ ಅದು ಹಿಡಿಸುತ್ತಿರಲಿಲ್ಲ. “ನೀ ಭಾಳ ಕೇಳ್ತಿ” ಎನ್ನುತ್ತಿದ್ದರು.

ಹತ್ತನೆಯ ತರಗತಿಯ ಕೊನೆಗೆ ಶಾಲೆಗೊಂದು ಪತ್ರ ಬಂತು. ಗದ್ವಾಲದಲ್ಲಿ ಒಂದು ಟ್ರಸ್ಟಿನವರು ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಕೊಟ್ಟು ಇಂಗ್ಲಿಷ್ ಮಾಧ್ಯಮದಲ್ಲಿ ಇಂಟರ್, ಅಂದರೆ ಪಿಯುಸಿ, ಓದಿಸುತ್ತಾರೆ, ಒಂದು ಶಾಲೆಯಿಂದ ಒಬ್ಬಳ ಹೆಸರು ಕಳಿಸಿ ಎಂದು. ಹೆಡ್‌ಮಾಸ್ಟರರು ಆಯ್ಕೆಯನ್ನು ಇಂಗ್ಲಿಷ್ ಮಾಸ್ತರರ ಮೇಲೆ ಬಿಟ್ಟರು. ಅವರು ಐವತ್ತು ಅಂಕದ ಒಂದು ಪರೀಕ್ಷೆ ಮಾಡಿದರು. ಅದರಲ್ಲಿ ಖಾಲಿ ಜಾಗ ತುಂಬುವ ಪ್ರಶ್ನೆಯೊಂದು: “ಮೈ ಫಾದರ್ ಲವ್ಸ್ ಮೈ ಸಿಸ್ಟರ್ ಮೋರ್ ದ್ಯಾನ್…” ಮುಂದೆ ‘ಐ’ ಅಥವಾ ‘ಮಿ’, ಎರಡರಲ್ಲಿ ಒಂದು ಬರೆಯಬೇಕು. ಅಪ್ಪನಿಗೆ ನನಗಿಂತ ತಂಗಿಯ ಮೇಲೆ ಪ್ರೀತಿ ಹೆಚ್ಚು ಎಂದು ಮೇಲ್ನೋಟದ ಅರ್ಥ.

ನಾನು ಯೋಚಿಸಲೇ ಇಲ್ಲ. ‘ಐ’ ಬರೆದೆ. ಅಕ್ಕ ‘ಮಿ’ ಬರೆದಳು.

ಉತ್ತರಪತ್ರಿಕೆ ಹಂಚಿದ ದಿನ ಎಲ್ಲ ಸೇರಿ ನನಗೆ ಅವಳಿಗಿಂತ ಒಂದು ಅಂಕ ಹೆಚ್ಚು ಬಂದಿತ್ತು, ಆ ಖಾಲಿ ಜಾಗದ ಅಂಕ. ಮಾಸ್ತರರು ಆಗಲೇ ನನ್ನ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರು. ಅಕ್ಕ ಎದ್ದು ನಿಂತಳು.

“ಸರ್, ಇದು ತಪ್ಪು ಹೆಂಗಾತ್ರಿ?”

“ದ್ಯಾನ್ ಆದಮ್ಯಾಲೆ ಏನು?”

“ಐ ರೀ. ಆದ್ರ ನುಂಗಿದ ಮಾತು ಯಾವುದು ನೋಡ್ರಿ ಅಂತ ನೀವ ಹೇಳೀರಿ. ಇಲ್ಲಿ ಐ ಅಂತ ಬರದ್ರ, ನಾ ತಂಗಿನ ಎಷ್ಟು ಪ್ರೀತಿ ಮಾಡ್ತೀನಿ, ಅಪ್ಪ ಅದಕಿಂತ ಜಾಸ್ತಿ ಮಾಡ್ತಾನ ಅಂತ ಆಗತೈತಿ. ನಾ ಅದನ್ನ ಹೇಳಿಲ್ರಿ. ಅಪ್ಪ ನನ್ನ ಎಷ್ಟು ಪ್ರೀತಿ ಮಾಡ್ತಾನ, ತಂಗಿನ ಅದಕಿಂತ ಜಾಸ್ತಿ ಮಾಡ್ತಾನ ಅಂತ ಹೇಳೀನಿ. ಅದಕ್ಕ ಮಿ ಬರಬೇಕಲ್ರಿ?”

ಅವಳು ಹೇಳಿದ್ದು ನಮಗಾರಿಗೂ ಅರ್ಥವಾಗಿರಲಿಲ್ಲ, ನನಗೂ. ಮಾಸ್ತರರು ಬಾಯಲ್ಲಿದ್ದ ಲವಂಗವನ್ನು ಅಗಿಯುವುದು ನಿಲ್ಲಿಸಿದರು. ಆಮೇಲೆ ನಕ್ಕರು.

“ಅಂದ್ರ ನಿಮ್ಮ ಅಪ್ಪ ನಿನ್ನ ಕಡಿಮಿ ಪ್ರೀತಿ ಮಾಡ್ತಾನ ಅಂತ ಇಲ್ಲಿ ಫಿರ್ಯಾದಿ ಕೊಡಾಕ ನಿಂತೀಯೇನು?”

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಅಕ್ಕ ಕೂತಳು.

ಅಷ್ಟಕ್ಕೆ ಬಿಟ್ಟಿದ್ದರೆ ಬಹುಶಃ ನಾನೂ ಇವತ್ತು ಆ ಸಭೆಯಲ್ಲಿ ನಾಲ್ಕು ಒಳ್ಳೆಯ ಮಾತಾಡಿ ಬರುತ್ತಿದ್ದೆನೇನೋ. ಅವರು ಬಿಡಲಿಲ್ಲ. ಆ ಸಂಜೆ ನಮ್ಮ ಓಣಿಗೆ ಬಂದು, ನಾಲ್ಕು ಜನ ನೇಕಾರರ ಮುಂದೆ ಅಪ್ಪನಿಗೆ ಹೇಳಿದರು: “ನಿನ್ನ ದೊಡ್ಡ ಮಗಳು, ಅಪ್ಪಗ ನನ್ನ ಮ್ಯಾಲೆ ಪ್ರೀತಿ ಇಲ್ಲ ಅಂತ ಸಾಲಿಯಾಗ ಎದ್ದು ನಿಂತು ಹೇಳ್ಯಾಳಪಾ. ಸಣ್ಣಾಕಿನ ಕಳಸು. ಆಕಿ ಹೇಳಿದಂಗ ಕೇಳ್ತಾಳ.”

ಅಪ್ಪ ಮಾತು ಕಡಿಮೆಯ ಮನುಷ್ಯ. ಮನೆಗೆ ಬಂದು ಕೈಕಾಲು ತೊಳೆದುಕೊಂಡು ಅಕ್ಕನನ್ನು ಕರೆದ.

“ನಾ ನಿನಗ ಏನು ಕಡಿಮಿ ಮಾಡೀನಿ, ಹೇಳವ್ವ?”

“ಅದು ಇಂಗ್ಲಿಷ್ ಪಾಠ, ಅಪ್ಪ” ಎಂದಳು ಅಕ್ಕ. ಬೇರೆ ಏನೂ ಹೇಳಲಿಲ್ಲ. ಹೇಳುವುದಾದರೂ ಏನು? ಅವಳು ಬರೆದದ್ದು ವ್ಯಾಕರಣ ಮಾತ್ರವಲ್ಲ, ನಿಜವೂ ಆಗಿತ್ತು. ಅಪ್ಪನಿಗೆ ನನ್ನ ಮೇಲೆ ಒಂದು ತೂಕ ಹೆಚ್ಚು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅವತ್ತು ಅದು ಓಣಿಯ ಬಾಯಿಗೆ ಬಿದ್ದಿತ್ತು. ಅಲ್ಲಿಂದ ಮುಂದೆ ಅಪ್ಪ ಅಕ್ಕನ ಓದಿನ ಮಾತು ಎತ್ತಲಿಲ್ಲ. ನಾನು ಗದ್ವಾಲಕ್ಕೆ ಹೋದೆ. ಅವಳು ಮಗ್ಗಕ್ಕೆ ಕೂತಳು. ಮೂರು ವರ್ಷಕ್ಕೆ ಮಕ್ತಲಿಗೆ ಮದುವೆ ಮಾಡಿಕೊಟ್ಟರು. ಅಲ್ಲಿಯೂ ಮಗ್ಗ.

ಆಮೇಲೆ ಎಷ್ಟೋ ವರ್ಷ ನಾನು ಮಾಸ್ತರರ ಬಗ್ಗೆ ಊರಿನವರು ಆಡುವ ಮಾತನ್ನೇ ಆಡಿದೆ. ಸ್ವಲ್ಪ ಕಠಿಣ, ಆದರೆ ನಮ್ಮನ್ನು ದಡ ಮುಟ್ಟಿಸಿದರು, ಇತ್ಯಾದಿ. ಟೀಚರ್ ಆಗಿ ನಾಲ್ಕನೆಯ ವರ್ಷ ಇರಬೇಕು, ಗದ್ವಾಲದ ನನ್ನ ತರಗತಿಯಲ್ಲಿ ಹೋಲಿಕೆಯ ಪಾಠ ಮಾಡುತ್ತಿದ್ದೆ. ಉದಾಹರಣೆಗೆಂದು ಬೋರ್ಡಿನ ಮೇಲೆ ಅದೇ ವಾಕ್ಯ ಬರೆದೆ. ಬೇಕೆಂದು ಬರೆದದ್ದಲ್ಲ, ಕೈಗೆ ಬಂತು. ‘ಐ’ ಹಾಕಿದೆ. ನುಂಗಿದ ಮಾತು ಯಾವುದು ಎಂದು ಬಿಡಿಸಿ ಹೇಳಲು ಹೋದವಳು ಅರ್ಧಕ್ಕೆ ನಿಂತೆ. ‘ಐ’ ಅಳಿಸಿ ‘ಮಿ’ ಬರೆದು ಬಿಡಿಸಿದೆ. ಎರಡೂ ಸರಿ, ಎರಡಕ್ಕೂ ಬೇರೆ ಬೇರೆ ಅರ್ಥ. ಮಗಳೊಬ್ಬಳು ತನ್ನ ಅಪ್ಪನ ಬಗ್ಗೆ ಹೇಳಬಹುದಾದ ಅರ್ಥಕ್ಕೆ ‘ಮಿ’ಯೇ ಸರಿ. ಅಕ್ಕ ಹದಿನಾರನೆಯ ವಯಸ್ಸಿನಲ್ಲಿ, ಇಂಗ್ಲಿಷಿನ ಒಂದು ಪೇಪರೂ ಬರದ ಮನೆಯಲ್ಲಿ ಕೂತು, ಕಂಡುಹಿಡಿದದ್ದನ್ನು ನಾನು ಡಿಗ್ರಿ, ಬಿ.ಎಡ್. ಎಲ್ಲ ಮುಗಿಸಿ ಅವತ್ತು ಕಂಡೆ. “ಮೇಡಂ, ಮುಂದ?” ಎಂದು ಮಕ್ಕಳು ಕೇಳುತ್ತಿದ್ದರು. “ಓದ್ಕೊಳ್ರಿ” ಎಂದು ಕುರ್ಚಿಯಲ್ಲಿ ಕೂತೆ.

ಆ ಶನಿವಾರವೇ ಬಸ್ಸು ಹತ್ತಿ ಮಕ್ತಲಿಗೆ ಹೋದೆ. ರಿಟೈರಾದ ಮೇಲೆ ಮಾಸ್ತರರು ಅಲ್ಲಿ ಸ್ವಂತ ಮನೆಯಲ್ಲಿದ್ದರು. ಅಕ್ಕನ ಮನೆಯಿಂದ ಎರಡು ಓಣಿ ಆಚೆ. ಅಕ್ಕನ ಮನೆಗೆ ಹೋಗದೆ ನೇರವಾಗಿ ಅವರಲ್ಲಿಗೆ ಹೋದೆ. ಕಟ್ಟೆಯ ಮೇಲೆ ಇಂಗ್ಲಿಷ್ ಪೇಪರು ಹರವಿಕೊಂಡು, ಕೆಂಪು ಪೆನ್ನಿನಲ್ಲಿ ಅಲ್ಲಲ್ಲಿ ಗೆರೆ ಎಳೆಯುತ್ತ ಕೂತಿದ್ದರು. ಕಣ್ಣು ಮಂದವಾಗಿತ್ತು. ಹೆಸರು ಹೇಳಿದ ಮೇಲೆ ಗುರುತು ಹಿಡಿದರು. ಕೂಡು ಎನ್ನಲಿಲ್ಲ. ನಾನೇ ಕೂತೆ.

ವಾಕ್ಯ ಹೇಳಿದೆ. ಅಕ್ಕ ಆ ದಿನ ಹೇಳಿದ್ದನ್ನೂ ಹೇಳಿದೆ. “ಆಕಿ ಬರದದ್ದು ಸರಿ ಇತ್ತಲ್ರಿ ಸರ್?” ಎಂದೆ.

“ಇತ್ತು” ಎಂದರು.

ವಾದ ಮಾಡುತ್ತಾರೆ, ಗದರಿಸುತ್ತಾರೆ ಎಂದು ದಾರಿಯುದ್ದಕ್ಕೂ ತಯಾರಾಗಿ ಹೋಗಿದ್ದೆ. ಇದಕ್ಕೆ ತಯಾರಿರಲಿಲ್ಲ.

“ಯಾವಾಗ ಗೊತ್ತಾತ್ರಿ ನಿಮಗ?”

“ಅವತ್ತ. ಆಕಿ ಹೇಳಿದಾಗ.”

“ಮತ್ತ ಸುಮ್ಮನ್ಯಾಕ ಇದ್ರಿ?”

ಪೇಪರನ್ನು ಮಡಿಚಿದರು. ನಿಧಾನಕ್ಕೆ, ಅಂಚಿಗೆ ಅಂಚು ಸೇರಿಸಿ.

“ನಲವತ್ತು ಹುಡುಗ್ಯಾರು ಕುಂತಿದ್ರು. ಬೋರ್ಡಿನ ಮ್ಯಾಲೆ ಹೆಸರು ಬರದಿದ್ದೆ. ಒಬ್ಬ ಹುಡುಗಿ ಎದ್ದು ತಿದ್ದಿದ್ಲು ಅಂದ್ರ ಮರುದಿನದಿಂದ ನನ್ನ ಮಾತು ಯಾರು ಕೇಳ್ತಿದ್ರು? ನೀನೂ ಟೀಚರ್ ಇದ್ದೀಯಲ್ಲ, ನೀನ ಹೇಳು.”

“ಅಪ್ಪನ ಮುಂದ ಬಂದು ಹೇಳಿದ್ದು ಯಾಕ್ರಿ?”

ಮಡಿಚಿದ ಪೇಪರನ್ನು ಪಕ್ಕಕ್ಕಿಟ್ಟು, “ಸೀಟು ನಿಮ್ಮ ಮನಿಯಾಗ ಉಳೀತಲ್ಲ. ನಿನಗ ಸಿಕ್ತು. ಇನ್ನೇನು ಬೇಕು ನಿನಗ?” ಎಂದರು.

ಅವರ ಹೆಂಡತಿ ಚಹಾ ತಂದುಕೊಟ್ಟರು. ಎಸೆದು ಬರಬೇಕಿತ್ತು. ಕುಡಿದೆ. ಪೂರ್ತಿ ಕುಡಿದು, ಕಪ್ಪು ಕೆಳಗಿಟ್ಟು ಬಂದೆ. ಆ ಚಹಾಕ್ಕಾಗಿ ನನ್ನ ಮೇಲೆ ನನಗೇ ಬಹಳ ದಿನ ಸಿಟ್ಟಿತ್ತು. ಅವತ್ತು ಅಕ್ಕನ ಮನೆಗೂ ಹೋಗಲಿಲ್ಲ. ಎರಡು ಓಣಿ ಆಚೆ ಇದ್ದವಳಿಗೆ, ನಿನ್ನದು ಸರಿ ಇತ್ತಂತೆ ಎಂದು ಹೇಳಲು ನನ್ನಿಂದ ಆಗಲಿಲ್ಲ. ಹೇಳಿದರೆ ನಾನು ಕೂತ ಜಾಗದಿಂದ ಏಳಬೇಕಾಗುತ್ತದೆ ಎಂಬ ಭಯ. ಅಷ್ಟು ವರ್ಷದ ಮೇಲೆ ಎದ್ದು ಕೊಡುವುದಾದರೂ ಏನು? ಆದರೂ ಭಯ. ಸಿಟ್ಟನ್ನೆಲ್ಲ ಮಾಸ್ತರರ ಮೇಲೆ ಇಟ್ಟುಕೊಂಡು ಉಳಿದೆ. ಅದು ಸುಲಭ.

ಹೀಗೆ ಮೂರು ವರ್ಷ. ಆಮೇಲೆ ಸುವರ್ಣಾಳ ಫೋನು.

ಸಭೆಗೆ ಹೋದೆ. ಶಾಲೆಯ ಹಾಲಿನಲ್ಲಿ ಫೋಟೋ ಇಟ್ಟು ಹೂವಿನ ಹಾರ ಹಾಕಿದ್ದರು. ಫೋಟೋದಲ್ಲೂ ಕೊರಳಿನವರೆಗೆ ಗುಂಡಿ. ನನಗಿಂತ ಮುಂಚೆ ಐದು ಜನ ಮಾತಾಡಿದರು. ಶಿಸ್ತು ಎಂದರು, ನಿಷ್ಠೆ ಎಂದರು, ಹೊಡೆದರೂ ತಾಯಿಯ ಹಾಗೆ ಹೊಡೆಯುತ್ತಿದ್ದರು ಎಂದರು. ಮದುವೆ ಕಾರ್ಡಿನ ಕಥೆ ಹೇಳಿ ಸುವರ್ಣಾ ಎಲ್ಲರನ್ನೂ ನಗಿಸಿದಳು. ಮಾಸ್ತರರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು.

ನಾನು ಮೈಕಿನ ಮುಂದೆ ನಿಂತಾಗ ಏನು ಹೇಳಬೇಕೆಂದು ಪಕ್ಕಾ ಇರಲಿಲ್ಲ. ಬಾಯಿ ತೆರೆದ ಮೇಲೆ ಎಲ್ಲವೂ ಬಂತು. ಪರೀಕ್ಷೆ, ವಾಕ್ಯ, ಅಕ್ಕ ಬರೆದ ಉತ್ತರ, ಒಂದು ಅಂಕ. “ಇವರು ನನಗ ಕೊಟ್ಟ ಸೀಟು ನಂದಲ್ಲ. ನಮ್ಮ ಅಕ್ಕಂದು. ಆಕಿದು ಸರಿ ಐತಿ ಅಂತ ಅವತ್ತ ಗೊತ್ತಿತ್ತು ಇವರಿಗೆ. ಗೊತ್ತಿದ್ದೂ ಮುಚ್ಚಿಟ್ರು. ಮುಚ್ಚಿಟ್ಟು, ಆಕಿ ಹೇಳಿದ ಮಾತನ್ನ ತಿರುಚಿ ನಮ್ಮ ಅಪ್ಪಗ ಚಾಡಿ ಹೇಳಿದ್ರು. ನೀವು ದೊಡ್ಡವರು ಅಂತೀರಿ. ನಾ ಅನ್ನಂಗಿಲ್ಲ.”

ಮಾಸ್ತರರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅದನ್ನು ನೋಡಿ ನನಗೆ ಸಮಾಧಾನವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಆಯಿತು. ಹಳೆಯ ಹೆಡ್‌ಮಾಸ್ಟರರು ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. ವೇದಿಕೆ ಇಳಿಯುವಾಗ ಕಣ್ಣು ಹಿಂದಿನ ಸಾಲಿಗೆ ಹೋಯಿತು. ಅಲ್ಲಿ ಬಾಗಿಲ ಪಕ್ಕ ಅಕ್ಕ ಕೂತಿದ್ದಳು. ಅವಳು ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನಾನು ನೋಡುವಷ್ಟರಲ್ಲಿ ಎದ್ದು ಹೊರಗೆ ಹೋದಳು.

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಅವಳು ಅಳುತ್ತಿರಬಹುದು, ನನ್ನನ್ನು ಅಪ್ಪಿಕೊಳ್ಳಬಹುದು ಎಂದು ನಾನು ಎಣಿಸಿದ್ದೆ. ಅವಳ ಮುಖ ಗಟ್ಟಿಯಾಗಿತ್ತು.

“ಅಕ್ಕ, ನಿನಗ ಹೇಳಬೇಕು ಅಂತ ಮೂರು ವರ್ಷದಿಂದ…”

“ನೀ ಏನು ಹೇಳ್ತಿ ನನಗ? ನನಗ ಗೊತ್ತೈತಿ. ಮೊದಲಿಂದ ಗೊತ್ತೈತಿ.”

ನನಗೆ ಅರ್ಥವಾಗಲಿಲ್ಲ.

“ನೀ ಗದ್ವಾಲಕ್ಕ ಹೋಗೂ ಮುಂಚೆ, ಅಪ್ಪನ ಕೂಡ ಟ್ರಂಕು ತರಾಕ ಬಜಾರಕ್ಕ ಹೋಗಿದ್ದಿ ನೋಡು, ಅವತ್ತು ಸರ್ ಮನಿಗೆ ಬಂದಿದ್ರು. ನಾ ಒಬ್ಬಾಕಿ ಇದ್ದೆ. ನಿಂದು ಸರಿ ಇತ್ತವ್ವ ಅಂದ್ರು. ಹಂಗಾರ ಹೆಸರು ಬದಲ್ ಮಾಡ್ತೀರೇನ್ರಿ ಅಂತ ಕೇಳಿದೆ. ನೆಲ ನೋಡಕೋಂತ ನಿಂತ್ರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನಗ ತಿಳೀತು. ಬ್ಯಾಡ ಬಿಡ್ರಿ, ಆದ್ರ ನನ್ನ ತಂಗಿಗೆ ಇದು ಗೊತ್ತಾಗಬಾರದು ಅಂದೆ. ಆತು ಅಂದು ನೀರು ಕುಡದು ಹೋದ್ರು.”

“ನನಗ ಯಾಕ ಗೊತ್ತಾಗಬಾರದು?”

“ಗೊತ್ತಾಗಿದ್ರ ನೀ ಹೋಗತಿದ್ದೇನು?”

ಹೋಗುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೋಗುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಅವಳು, ನಾನು ಹೋಗುತ್ತಿರಲಿಲ್ಲ ಎಂದೇ ನಂಬಿ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದಳು.

“ಇಷ್ಟು ವರ್ಷ ಹಿಡಕೊಂಡಿದ್ದೆ” ಎಂದಳು. “ಗಂಡಗ ಹೇಳಿಲ್ಲ, ಅಪ್ಪಗ ಹೇಳಿಲ್ಲ. ನನ್ನ ಮಾತದು. ನೀ ಅದನ್ನ ಮೈಕಿನ್ಯಾಗ ಒದರಿದಿ. ಸತ್ತ ಮನಿ ಹೆಣ್ಮಗಳ ಮುಂದ. ಸಂಜಿ ಒಳಗ ಅಪ್ಪಗ ಮುಟ್ಟತೈತಿ ಇದು. ಈ ವಯಸ್ಸಿನ್ಯಾಗ ಅಂವಗ ನಾ ಏನು ಸಮಾಧಾನ ಹೇಳ್ಲಿ?”

“ನಿನಗ ಅನ್ಯಾಯ ಆಗಿತ್ತಲ್ಲ ಅಕ್ಕ. ನಿನ್ನ ಸಲುವಾಗಿ…”

“ನನ್ನ ಸಲುವಾಗಿ? ನನ್ನ ಕೇಳಿದೇನು? ಅಲ್ಲೇ ಹಿಂದ ಕುಂತಿದ್ದೆನಲ್ಲ. ಅವರು ಅಪ್ಪನ ಮುಂದ ಹೇಳೂ ಮುಂಚೆ ನನ್ನ ಕೇಳಲಿಲ್ಲ. ನೀನೂ ಕೇಳಲಿಲ್ಲ.”

ಇಷ್ಟು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನಾನು ಹಿಂದೆ ನಡೆದೆ.

ಮಾಸ್ತರರನ್ನು ನಾನು ಕ್ಷಮಿಸಿಲ್ಲ. ಇದನ್ನು ಓದಿದವರು, ಕೊನೆಗೆ ಮನೆಗೆ ಬಂದು ಒಪ್ಪಿಕೊಂಡರಲ್ಲ, ನಾನಾಗಿ ಹೋಗಿ ಕೇಳುವವರೆಗೆ ಅಕ್ಕನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡರಲ್ಲ, ಆಗಲೂ ಆ ಭೇಟಿಯ ಸುದ್ದಿ ಎತ್ತಲಿಲ್ಲವಲ್ಲ ಎನ್ನಬಹುದು. ಇದನ್ನು ಮೊದಲು ಓದಿದ ಸುವರ್ಣಾ ಆಗಲೇ ಅಂದಿದ್ದಾಳೆ. ನನಗೆ ಹಾಗೆ ಕಾಣುವುದಿಲ್ಲ. ತಪ್ಪು ಮಾಡಿದ್ದು ನಲವತ್ತು ಜನರ ಮುಂದೆ, ಒಪ್ಪಿಕೊಂಡದ್ದು ಒಬ್ಬಳೇ ಇದ್ದಾಗ. ಹದಿನಾರು ವರ್ಷದ ಹುಡುಗಿ ಕೇಳಿದ ಒಂದು ನೇರ ಪ್ರಶ್ನೆಗೆ ನೆಲ ನೋಡಿ, ಆಕೆಯೇ ಬೇಡ ಎನ್ನುವವರೆಗೆ ಕಾದು, ನೀರು ಕುಡಿದು ಹೋದ ಮನುಷ್ಯ ಅವರು. ಆ ಮನುಷ್ಯ ಕಲಿಸಿದ ಇಂಗ್ಲಿಷಿನಲ್ಲಿ ನಾನು ಅನ್ನ ತಿನ್ನುತ್ತಿದ್ದೇನೆ, ಅದೂ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮಕ್ತಲಿನ ಬಸ್ಸು ನಿಂತಿತ್ತು. ನನಗೂ ಅದೇ ದಾರಿ, ಮಕ್ತಲಿನಲ್ಲಿ ಇಳಿದು ಗದ್ವಾಲದ ಬಸ್ಸು ಹಿಡಿಯಬೇಕು. ಅಕ್ಕ ಹತ್ತಿ ಕಿಟಕಿಯ ಪಕ್ಕ ಕೂತು, ಖಾಲಿ ಇದ್ದ ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟಳು. ನಾನು ಕಂಬಿ ಹಿಡಿದು ಅವಳ ಹತ್ತಿರವೇ ನಿಂತೆ. ಕಂಡಕ್ಟರು ಟಿಕೆಟ್ ಮಶೀನು ಹಿಡಿದುಕೊಂಡು ಬಂದ. ನಮ್ಮಿಬ್ಬರ ಮುಖ ಒಂದೇ ಅಚ್ಚು, ಯಾರು ನೋಡಿದರೂ ಹೇಳುತ್ತಾರೆ. ಅವನು ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ ತೆಲುಗಿನಲ್ಲಿ, “ಇದ್ದರೂ ಕಲಿಸೇನಾ ಅಮ್ಮಾ?” ಎಂದು ಕೇಳಿದ. ಇಬ್ಬರೂ ಒಟ್ಟಿಗೇನಾ ಎಂದು.

ಅಕ್ಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಅಲ್ಲರೀ” ಎಂದಳು. “ಬ್ಯಾರೆ ಬ್ಯಾರೆ.”